ಬೆಟ್ಟದ ನೆತ್ತಿಯ ಹೆಂಗಸು

ಚಿತ್ರದಂಗಡಿಯ ಯಜಮಾನರಾದ ಮಸುಯಾ ಅವರಿಗೆ ನಮಸ್ಕಾರ.

ಮರದಚ್ಚಿನಲ್ಲಿ ಫ್ಯೂಜಿ ಬೆಟ್ಟದ ನೆತ್ತಿಗೆ ನಾನು ಸೇರಿಸಿದ ಪುಟ್ಟ ಹೆಂಗಸನ್ನು ಅಳಿಸಬೇಕೆಂದು ಹೇಳಿಕಳಿಸಿದ್ದೀರಿ. “ಹೆಂಗಸರು ಹತ್ತಬಾರದ ಬೆಟ್ಟ ಅದು, ಅಷ್ಟೂ ಗೊತ್ತಿಲ್ವಂತಾ ಅವಳಿಗೆ?” ಅಂದಿರಂತೆ. ಗೊತ್ತಿಲ್ಲದೆ ಏನು? ನಮ್ಮಮ್ಮನನ್ನು ಕಾವಲಿನವರು ಅರ್ಧ ದಾರಿಯಿಂದ ವಾಪಸ್ ಅಟ್ಟಿದ್ದರು.

ಅಳಿಸುವುದೇನೂ ಕಷ್ಟವಲ್ಲ. ಮರ ಕೆತ್ತಿ ತೆಗೆದ ಕಡೆ ಬಣ್ಣ ಹತ್ತದೆ ಕಾಗದ ಬೆಳ್ಳಗೆ ಉಳಿಯುತ್ತದೆ. ನಮ್ಮ ಚಿತ್ರಗಳಲ್ಲಿ ಹಿಮ ಅಂದರೆ ಅಷ್ಟೇ. ನಾಳೆಯೇ ಅವಳನ್ನು ಕೆತ್ತಿ ತೆಗೆದುಬಿಡುತ್ತೇನೆ.

ಅದಕ್ಕೆ ಮುಂಚೆ ಒಂದೇ ಒಂದು ಹಾಳೆ ಅಚ್ಚು ಹಾಕಿಸಿಕೊಡಿ. ಹೊಸ ವರ್ಷದ ಮೊದಲ ಕನಸಿನಲ್ಲಿ ಫ್ಯೂಜಿ ಕಂಡರೆ ಶುಭ ಅಂತಾರಲ್ಲ, ಹಾಸಿಗೆ ಹಿಡಿದಿರುವ ಅಮ್ಮನ ದಿಂಬಿನಡಿ ಇಡುತ್ತೇನೆ. ಆ ಹೆಂಗಸಿನ ಉಡುಪಿಗೆ ಕೆಂಪು ಹಚ್ಚಿಸಿ. ಅಮ್ಮನಿಗೆ ಕಣ್ಣು ಮಂಜು, ತಾನೆಲ್ಲಿದ್ದೇನೆಂದು ಹುಡುಕಾಡುವಂತಾಗಬಾರದು.

ಇಂತಿ,
ಅಚ್ಚು ಕೆತ್ತುವ ಒಶಿನೋ