ನಿನ್ನ ಹೆಸರಿನಲ್ಲಿ ಬರೆದ ಕಾಗದಗಳು

ಗಾಬ್ರೊವೊ ಹತ್ತಿರದ ನಮ್ಮೂರು,
೧೪ ಅಕ್ಟೋಬರ್ ೧೯೯೮, ಬುಧವಾರ

ನನ್ನ ಮುದ್ದು ಕಳ್ಳ ತೋಂಚೊ,

ಹೇಗಿದ್ದೀಯಪ್ಪಾ? ಆ ಹಳೆಯ ಬೆನ್ನುನೋವು ಹೇಗಿದೆ? ಸ್ಪೇನಿನ ಕಿತ್ತಳೆ ತೋಟಗಳಲ್ಲಿ ದಿನವಿಡೀ ಏಣಿ ಹತ್ತಿ ಇಳಿಯುವವನು, ಹೊತ್ತಿಗೆ ಸರಿಯಾಗಿ ಊಟವನ್ನಾದರೂ ಮಾಡುತ್ತೀಯೋ ಇಲ್ಲವೋ? ಹೋಗಿ ಏಳು ವರ್ಷವಾದರೂ ಮೊನ್ನೆಯವರೆಗೆ ಒಂದಕ್ಷರ ಬರೆಯದವನನ್ನು ಹೀಗೆಲ್ಲ ವಿಚಾರಿಸುವ ಹುಚ್ಚಿ ಅಕ್ಕ ನಾನೊಬ್ಬಳೇ ಇರಬೇಕು. ನಾನು ಚೆನ್ನಾಗಿದ್ದೇನೆ. ಅಮ್ಮ ಚೆನ್ನಾಗಿಲ್ಲ. ನಿನ್ನ ಕಾರ್ಡು ಸೋಮವಾರ ಬಂತು. ಅದರ ವಿಷಯ ಹೇಳುವ ಮೊದಲು ನಾನು ಮಾಡಿದ ಒಂದು ಕೆಲಸವನ್ನು ಒಪ್ಪಿಕೊಳ್ಳಬೇಕು.

ಐದು ವರ್ಷದ ಹಿಂದೆ ಅಮ್ಮನ ಕಣ್ಣು ಪೂರ್ತಿ ಹೋಯಿತು. 'ತೋಂಚೊ ಕಾಗದ ಬರ್ಲಿ, ಆಮೇಲೆ ತಿಂತೀನಿ' ಎಂದು ತಟ್ಟೆ ತಳ್ಳುತ್ತಿದ್ದಳು. ಆ ಚಳಿಗಾಲ ನಮ್ಮ ಕಲ್ಚೆವ್ ಮೇಷ್ಟ್ರು ಊರ ವಾಚನಾಲಯದಲ್ಲಿ ಕಾದಂಬರಿ ಬರೆಯುವುದನ್ನು ಹೇಳಿಕೊಡುತ್ತಿದ್ದರು. ನಾವು ಎಂಟು ಹೆಂಗಸರು. ನಿಜ ಹೇಳುತ್ತೇನೆ, ನಾನು ಹೋದದ್ದು ಅಲ್ಲಿನ ಒಲೆಯ ಬಿಸಿಗೆ. ಆದರೆ ಮೊದಲ ದಿನವೇ ಮೇಷ್ಟ್ರು, 'ನಿಮ್ಮ ನಾಯಕನಿಗೆ ಏನು ಬೇಕು ಹೇಳ್ರಮ್ಮಾ. ಏನೂ ಬೇಡದವನ ಕತೆ ಯಾರಿಗೆ ಬೇಕು?' ಎಂದರು. ಮನೆಗೆ ಬಂದವಳೇ ನಿನ್ನ ಹೆಸರಿನಲ್ಲಿ ಕಾಗದ ಬರೆದು ಅಮ್ಮನಿಗೆ ಓದಿದೆ. ಅದರಲ್ಲಿ ನಿನಗೆ ನೀನು ಬಾಡಿಗೆಗಿದ್ದ ಮನೆಯೊಡೆಯನ ಮಗಳು ಬೇಕಾಗಿದ್ದಳು! ಮೇಷ್ಟ್ರು ಅಡ್ಡಿಯಿಲ್ಲದೆ ಕತೆಯಿಲ್ಲ ಎಂದಾಗ ಅವಳಿಗೊಬ್ಬ ಕೆಂಡದಂಥ ಅಪ್ಪನನ್ನು ಕೊಟ್ಟೆ. ಬಾಗಿಲು ಅರ್ಧ ತೆರೆದಿರುವಾಗಲೇ ಅಧ್ಯಾಯ ನಿಲ್ಲಿಸಿ ಎಂದರು. ನಾನು ಸಾಕ್ಷಾತ್ ಬಾಗಿಲನ್ನೇ ಅರ್ಧ ತೆರೆಸಿ, ಆ ಮುದುಕ ಹೊರಗೆ ಇಣುಕುವಲ್ಲಿಗೆ ಕಾಗದ ಮುಗಿಸಿದೆ. ಅಮ್ಮ ತಿಂಗಳಿಡೀ 'ಮುಂದೇನಾಯ್ತೇ ದೆನ್ಕಾ? ಆ ಮುದಿಗೂಬೆ ಒಳಗೆ ಬಿಟ್ನಾ?' ಎಂದು ಜೀವ ತಿಂದಳು. ಪಕ್ಕದ ಮನೆಯ ಮಿನ್ಕಾ ಕೂಡ ಹೆಣಿಗೆ ಹಿಡಿದು ಕೇಳಲು ಬರುತ್ತಿದ್ದಳು. ಅಮ್ಮ ಸೂಪು ಕುಡಿದಳು, ಮೊಸರು ತಿಂದಳು, ಎದ್ದು ಓಡಾಡಿದಳು. ಐದು ವರ್ಷ ಬದುಕಿದ್ದೇ ಆ ಕಾಗದಗಳ ಮೇಲೆ.

ಕಳೆದ ಆಗಸ್ಟಿನಲ್ಲಿ ನನ್ನ ಬುದ್ಧಿ ಮಣ್ಣು ತಿಂದಿತು. ದುಃಖ ಅಂತ ಬರೆಯಬೇಡಿ, ಕೈ ಏನು ಮಾಡುತ್ತೆ ಅದನ್ನು ಬರೆಯಿರಿ ಎಂದು ಮೇಷ್ಟ್ರು ಹೇಳಿದ್ದರಲ್ಲ, ನೀನು ಒಂದು ಕಿತ್ತಳೆ ಸುಲಿದು ಅರ್ಧ ತಿಂದು, ಉಳಿದರ್ಧವನ್ನು ಅಮ್ಮನ ಪಾಲೆಂದು ಕಿಟಕಿಯಲ್ಲಿಟ್ಟೆ ಎಂದು ಬರೆದೆ. ಮಿನ್ಕಾ ಮೂಗು ಸೀಟಿದಳು. ಅಮ್ಮ ಮಾತ್ರ ತಣ್ಣಗೆ, 'ನನ್ ತೋಂಚೊ? ಅಕ್ಕನ ತಟ್ಟೇಲಿರೋ ಮೊಟ್ಟೆ ಕದ್ದು ತಿನ್ನೋನು, ಅರ್ಧ ಉಳಿಸ್ತಾನಾ? ಇವನು ನನ್ ಮಗ ಅಲ್ಲ. ಅವನು ಹೋಗ್ಬಿಟ್ಟಿದಾನೆ, ನೀನು ನನ್ನ ಸಮಾಧಾನ ಮಾಡ್ತಿದೀಯ' ಎಂದಳು. ಒಂದಾದರೂ ಕಾಗದ ಅವನದೇ ಅಂತ ಆಣೆ ಮಾಡು ಎಂದಳು. ಆಣೆ ಮಾಡದೆ ಕಾಗದವನ್ನು ಮಡಚಿಟ್ಟೆ. ಪಾತ್ರ ತನ್ನ ಸ್ವಭಾವ ಬಿಟ್ಟರೆ ಓದುಗ ಪುಸ್ತಕ ಮುಚ್ಚುತ್ತಾನೆ ಎಂದು ಮೇಷ್ಟ್ರು ಬಡಕೊಂಡಿದ್ದರು. ನನಗೆ ಎಲ್ಲಿ ನೆನಪಿರಬೇಕು!

ಮಾರನೆಯ ದಿನ ಮಿನ್ಕಾಳ ಕೈ ಹಿಡಿದು ಅಮ್ಮನೇ ಮುದ್ರಣಾಲಯಕ್ಕೆ ಹೋದಳು. ನಿನ್ನ ಸೈನ್ಯದ ಫೋಟೋ ಹಾಕಿಸಿ, ನೀನು ತೀರಿಕೊಂಡೆ ಎಂಬ ಸಾವಿನ ಸುದ್ದಿಯ ಹಾಳೆ ಅಚ್ಚು ಹಾಕಿಸಿ ಊರೆಲ್ಲ ಅಂಟಿಸಿದಳು. ನಮ್ಮ ಗೇಟಿನ ಮೇಲೆ, ಬಸ್ ನಿಲ್ದಾಣದಲ್ಲಿ, ಬೇಕರಿ ಗೋಡೆಯ ಮೇಲೆ ನೀನು ನಗುತ್ತಿದ್ದೀಯ. ನಲವತ್ತನೆಯ ದಿನ ನಿನ್ನ ಆತ್ಮಕ್ಕೆಂದು ಗೋಧಿ ಬೇಯಿಸಿ ಸಕ್ಕರೆ ಬೆರೆಸಿ ಬಂದವರಿಗೆಲ್ಲ ಹಂಚಿದೆವು. ನೀನು ಬದುಕಿದ್ದೀಯ ಎನ್ನಲು ನನ್ನಲ್ಲಿ ಏನಿತ್ತು? ನಾನೂ ಅತ್ತೆ, ನಿಜವಾಗಿಯೇ ಅತ್ತೆ.

ಆಮೇಲೆ ಬಂತು ನಿನ್ನ ಕಾರ್ಡು. 'ಚೆನ್ನಾಗಿದ್ದೇನೆ. ಚಳಿಗಾಲಕ್ಕೆ ಬರಬಹುದು. ತೋಂಚೊ.' ಅಷ್ಟೇ! ಓಡಿ ಹೋಗಿ ಅಮ್ಮನಿಗೆ ಓದಿದೆ, ಕಾರ್ಡನ್ನು ಅವಳ ಕೈಗೆ ಇಟ್ಟೆ. ಅವಳು ನನ್ನ ಕೆನ್ನೆ ಸವರಿ, 'ಈಗ ಸರಿಯಾಗಿ ಬರ್ದಿದೀಯ ಕಣೇ. ಥೇಟ್ ಅವನೇ. ಸಾಕು ಮಗಳೇ, ಇನ್ಮೇಲೆ ಬರೀಬೇಡ' ಎಂದಳು. ಇದು ನಿನ್ನದೇ ಕಾರ್ಡೆಂದು ರೊಟ್ಟಿ ಮುಟ್ಟಿ ಆಣೆ ಮಾಡಿದೆ. ಮಿನ್ಕಾ ಹೇಳಿದಳು, ನಂಬಲಿಲ್ಲ. ಮೇಷ್ಟ್ರನ್ನು ಕರೆತಂದರೆ, 'ಒಳ್ಳೇ ಶಿಷ್ಯೇನ ತಯಾರು ಮಾಡಿದ್ರಿ' ಎಂದು ಅವರ ಕೈ ಕುಲುಕಿದಳು. ಆಗಸ್ಟಿನಿಂದಲೇ ಅವಳ ಊಟ ಅರೆಹೊಟ್ಟೆಗಿಳಿದಿತ್ತು, ಸೋಮವಾರದಿಂದ ನೀರು ಬಿಟ್ಟು ಏನೂ ಮುಟ್ಟಿಲ್ಲ. ನಿನ್ನ ಮೇಲೆ ಎಷ್ಟು ಸಿಟ್ಟಿದೆಯೋ ಅದಕ್ಕಿಂತ ಹೆಚ್ಚು ನನ್ನ ಮೇಲಿದೆ.

ಮಿನ್ಕಾ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ದೇವಮಾತೆ ನಿನ್ನನ್ನು ಆ ಏಣಿಗಳ ಮೇಲಿಂದ ಬೀಳದಂತೆ ಕಾಯಲಿ.

ನಿನ್ನ ಅಕ್ಕ,
ದೆನ್ಕಾ

ಮರೆತೆ: ಬರುವುದಾದರೆ ಬರೆದು ತಿಳಿಸಬೇಡ. ಬರೆದದ್ದನ್ನು ಅವಳು ಇನ್ನು ನಂಬುವುದಿಲ್ಲ. ನೆಟ್ಟಗೆ ಒಳಗೆ ಬಂದು ನಿನ್ನ ಮುಖವನ್ನು ಅವಳ ಕೈಗೆ ಕೊಡು. ಅಮ್ಮ ಭಾನುವಾರ ದಾಟುವುದು ಕಷ್ಟ ಎಂದು ಈಗಷ್ಟೇ ಡಾಕ್ಟರು ಹೇಳಿ ಹೋದರು. ಕಾರ್ಡಿನಲ್ಲಿ ಒಂದು ಫೋನ್ ನಂಬರು ಬರೆಯಬಾರದಿತ್ತೇನೋ, ಪಾಪಿ? ಬರೀ ಅಂಚೆಪೆಟ್ಟಿಗೆಯ ನಂಬರಿದೆ. ಈ ಕಾಗದ ನಿನಗೆ ಮುಟ್ಟಲು ಹತ್ತು ದಿನ ಬೇಕಂತೆ. ಅಂಚೆಯವಳನ್ನು ಎರಡು ಸಲ ಕೇಳಿದೆ.