ತಿಳವಳ್ಳಿಯಲ್ಲಿ ಮುರಿದ ಪಿನ್ನು

ಈರಣ್ಣ ಕಾಕಾ,

ಶಿಗ್ಗಾವಿಯ ಆಫೀಸಿಗೆ ನಾನು ಸೇರಿದ ದಿನ ನೀವು ನನ್ನ ಕೈಗಿತ್ತದ್ದು ಒಂದು ಭೂತಗನ್ನಡಿ. ಮೊಬೈಲ್ ಟವರಿನ ಸಿಗ್ನಲ್ ಅಳೆಯುವ ಮೀಟರಿಗೆ ಕೇಬಲ್ ಜೋಡಿಸುವ ಕನೆಕ್ಟರನ್ನು ತೋರಿಸಿದಿರಿ. ಅದರ ನಡುವೆ ಸೂಜಿಯಂಥ ಪಿನ್ನು. "ತುದಿ ಮುಟ್ಟಬ್ಯಾಡ ಮಗಳ. ಜೋಡಸೂಮುಂದ ನಟ್ಟಷ್ಟ ತಿರುವು. ಕೇಬಲ್ ತಿರುವಿದ್ರ ಒಳಗ ಪಿನ್ ಹಾಳಾಕ್ಕೈತಿ" ಎಂದಿರಿ. ಪ್ರತಿ ಸಲವೂ ಸ್ಪಿರಿಟ್ಟಿನಿಂದ ಒರೆಸಿ, ಒಣಗಿಸಿ, ಮತ್ತೆ ಕನ್ನಡಿಯಲ್ಲಿ ನೋಡುತ್ತಿದ್ದಿರಿ. "ಕಾಕಾ ಮೀಟರಿಗೆ ಜಳಕ ಮಾಡ್ಸಾಕತ್ತಾರ" ಎಂದು ಉಳಿದವರು ನಗುತ್ತಿದ್ದರು. ನಾನೂ ನಕ್ಕಿದ್ದೆ.

ತಿಳವಳ್ಳಿಯ ಟವರಿನ ಬುಡದಲ್ಲಿ ನೀವು ನೀರು ತರಲು ಹೋದಾಗ ನನಗೆ ಬಸ್ಸಿನ ಅವಸರ. ಕನೆಕ್ಟರು ಸರಿಯಾಗಿ ಕೂರಲಿಲ್ಲ. ಕೇಬಲ್ಲನ್ನೇ ಹಿಡಿದು ತಿರುವಿದೆ. ಟಿಕ್ ಎಂದಿತು. ಮೀಟರಿನೊಳಗೇ ಪಿನ್ನು ಮುರಿದಿತ್ತು. ನೀವು ಬಂದು ಕನ್ನಡಿ ಹಿಡಿದು ನೋಡಿದಿರಿ. ಮೀಟರನ್ನು ಒರೆಸಿ ಚೀಲದೊಳಗಿಟ್ಟಿರಿ.

ಮರುದಿನ ಸೂಪರ್‌ವೈಸರ್ ಸಾಹೇಬರು "ಯಾರ ಮಾಡಿದ್ದು?" ಎಂದಾಗ ನಾನು ಬಾಯಿ ತೆರೆಯುವ ಮೊದಲೇ ನೀವು ಎದ್ದು ನಿಂತಿರಿ. "ನಂದ ತಪ್ಪರಿ." ಹೊರಗೆ ಬಂದು ನಾನು ಅತ್ತುಬಿಟ್ಟೆ. "ನಿಂದು ಹೊಸಾ ನೌಕರಿ. ನನಗ ಎಷ್ಟ ಬೈದಾರು?" ಎಂದಿರಿ. ಆದರೆ ಅವರು ಬೈಯಲಿಲ್ಲ ಕಾಕಾ, ಮೀಟರನ್ನೇ ಕಸಿದುಕೊಂಡು ನಿಮ್ಮನ್ನು ಸ್ಟೋರಿನಲ್ಲಿ ಕೂರಿಸಿದರು. ಅಷ್ಟಾದರೂ ನಾನು ಯಾಕೆ ಸುಮ್ಮನಿದ್ದೆ? ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ...

ನೀವು ತೀರಿಕೊಂಡ ದಿನ ಸವಣೂರಿನ ನಿಮ್ಮ ಮನೆಯಲ್ಲಿ, ನಿಮ್ಮನ್ನು ಮಲಗಿಸಿದ್ದ ಅಂಗಳದಲ್ಲೇ, ಯಾರೋ ಅಂದರು: "ಕಡೀಕ ಕೈ ನಡಗತಿದ್ವಂತ. ಅದಕ್ಕ ಮೀಟರ್ ಮುರೀತು." ನಿಮ್ಮ ಕೈ! ಆಗಲೂ ನಿಜ ಹೇಳದೆ, ನಿಮ್ಮ ಪಾದಕ್ಕೆ ಹೂವಿಟ್ಟು ಬಂದುಬಿಟ್ಟೆ. ಅದನ್ನು ಹೇಗೆ ಕ್ಷಮಿಸುತ್ತೀರಿ?

ಮೊನ್ನೆ ಹಿರೇಕೆರೂರಿನಲ್ಲಿ ಕೆಲಸ ಮುಗಿಸಿ ಕೇಬಲ್ ಬಿಚ್ಚುತ್ತಿದ್ದಾಗ ಹೊಸದಾಗಿ ಸೇರಿದ ಹುಡುಗಿ ಅದೇ ಮಾತು ಹೇಳಿದಳು. "ಮದಲಿದ್ದ ಕಾಕಾನ ಕೈ ನಡಗತಿದ್ವಂತಲ್ರಿ ಅಕ್ಕಾರ?" ಇನ್ನು ತಡೆಯಲಾಗಲಿಲ್ಲ. ಆಫೀಸಿಗೆ ಬಂದು ಎಲ್ಲರ ಎದುರಿಗೇ ಹೇಳಿದೆ, ಮುರಿದದ್ದು ನನ್ನ ಕೈ ಎಂದು. ಯಾರೂ ನಗಲಿಲ್ಲ. ಸಾಹೇಬರು ನನ್ನ ಕೈಯಿಂದಲೂ ಮೀಟರು ತೆಗೆದುಕೊಂಡರು. ಈಗ ಸ್ಟೋರಿನಲ್ಲಿ ನಾನಿದ್ದೇನೆ. ಇರಲಿ.

ನಿನ್ನೆ ಕಾಕಿಯವರ ಎದುರು ಕೂತು ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಸೆರಗಿನಿಂದ ಕಣ್ಣೊರೆಸಿಕೊಂಡು ಅಂದರು: "ಅವರು ಅವತ್ತ ಹೇಳಿದ್ರವ್ವಾ. ಆಕಿ ತಾನಾಗೇ ಬಂದು ಹೇಳೂತನಕ ಏನೂ ಕೇಳಬ್ಯಾಡ ಅಂದಿದ್ರು."

ನಾನು ಬಂದೆ, ಕಾಕಾ. ನೀವಿರುವಾಗ ಬರಬೇಕಿತ್ತು.