ಎದುರು ಸೀಟಿಲ್ಲದ ರೈಲು

ಫೆಬ್ರವರಿ 11, ಮಂಗಳವಾರ. ವಿಯೆಟ್ನಾಂ, ರೈಲಿನಲ್ಲಿ.

ಗಂಡಹೆಂಡತಿ ಇಬ್ಬರಿಗೇ ಬೇರೆ ಕ್ಯಾಬಿನ್ ಸಿಕ್ಕಿತೆಂದು ಮುಳಬಾಗಿಲಿನಲ್ಲಿ ಎಷ್ಟು ಬೀಗಿದ್ದೆ! ಬೆಳ್ಳನೆಯ ಹಾಸಿಗೆ, ಚಿಲಕವಿರುವ ಬಾಗಿಲು, ಕಿಟಕಿಯಾಚೆ ಭತ್ತದ ಬಯಲು. ಎಲ್ಲವೂ ಅಂದುಕೊಂಡಂತೆಯೇ ಇದೆ.

ಸಂಜೆ ಸುನಂದ ನಿಪ್ಪಟ್ಟಿನ ಡಬ್ಬಿ ತೆಗೆದಳು. ಹತ್ತು ಜನಕ್ಕಾಗುವಷ್ಟಿತ್ತು.

"ಇಷ್ಟೊಂದು ಯಾಕೇ ತಂದಿದ್ದೀಯ?"

"ರೈಲಲ್ಲಿ ಎದುರುಗಡೆ ಯಾರಾದ್ರೂ ಕೂತಿರ್ತಾರಲ್ರೀ. ಮಾತು ಬರ್ದಿದ್ರೂ ನಿಪ್ಪಟ್ಟು ಕೊಡಬೋದು ಅಂತ."

ಎದುರಿಗೆ ಗೋಡೆಯಿತ್ತು.

ಕಾಶಿಗೆ ಹೋದಾಗ ತೆಲುಗಿನಲ್ಲಿ "ತಿನಂಡಿ, ತಿನಂಡಿ" ಅನ್ನುತ್ತಲೇ ಇಡೀ ಬೋಗಿಯನ್ನು ನೆಂಟರನ್ನಾಗಿ ಮಾಡಿಕೊಂಡಿದ್ದಳು. ಅವಳಿಗೆ ರೈಲೆಂದರೆ ಅದೇ. ತಿಂಗಳುಗಟ್ಟಲೆ ಯೋಜನೆ ಹಾಕಿದವನು ಅದನ್ನೇ ಮರೆತೆನಲ್ಲ.

ಈಗಷ್ಟೇ ಬಾಗಿಲಾಚೆ ಯಾರದೋ ಹೆಜ್ಜೆ ಸದ್ದಾಯಿತು. ಮಲಗಿದ್ದವಳು ತಲೆಯೆತ್ತಿದಳು. ಹೆಜ್ಜೆ ಮುಂದಕ್ಕೆ ಹೋಯಿತು. ಎದ್ದು ಕೂತು ಡಬ್ಬಿಯ ಮುಚ್ಚಳ ಹಾಕಿದಳು.